ಹಳೇ ಕಾರಿನ ವಿಮೆ: ಐಡಿವಿ ಕಾಲಂನಲ್ಲಿ ಎಷ್ಟು ಬರೆಸಬೇಕು, ಹೇಗೆ ಬರೆಸಬೇಕು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ, ಕಾರವಾರ, ಕುಮಟಾ ಪೇಟೆಯ ಹಳೇ ಮನೆಗಳ ಶೆಡ್ಡುಗಳಲ್ಲಿ ಇವತ್ತಿಗೂ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪುಗಳಿವೆ. ಟಿಂಕರಿಂಗು, ಪೇಂಟು, ಸೀಟಿನ ಕೆಲಸ ಅಂತ ಎಷ್ಟೋ ಗಾಡಿಗಳಿಗೆ ಲಕ್ಷಗಟ್ಟಲೆ ಹಣ ಹೋಗಿರುತ್ತದೆ. ವಿಮೆ ಮಾತ್ರ ಯಾವುದೋ ಕಾಲದ ಮೊತ್ತಕ್ಕೇ ವರ್ಷ ವರ್ಷ ನವೀಕರಣವಾಗುತ್ತಾ ಬಂದಿರುತ್ತದೆ. ಅಪಘಾತವಾದ ದಿನ ಕಂಪನಿ ಲೆಕ್ಕ ಶುರು ಮಾಡುವುದು ಪಾಲಿಸಿಯ ಐಡಿವಿ, ಅಂದರೆ ವಿಮೆಗಾಗಿ ಘೋಷಿಸಿದ ಕಾರಿನ ಬೆಲೆಯ ಕಾಲಂನಲ್ಲಿರುವ ಅಂಕಿಯಿಂದ. ಆ ಅಂಕಿ ಸರಿಯಿರಬೇಕು, ಅದರ ಬೆನ್ನಿಗಿರುವ ಕಾಗದಗಳೂ ಸರಿಯಿರಬೇಕು. ಕಾಗದದ ಕೆಲಸಕ್ಕೆ ಹೆಚ್ಚು ದಿನ ಹಿಡಿಯುವುದರಿಂದ ಅಲ್ಲಿಂದಲೇ ಹೊರಡೋಣ.

ಮೊದಲು ಆರ್‌ಸಿ

ಏಜೆಂಟರಿಗೆ ಫೋನ್ ಮಾಡುವ ಮುಂಚೆ ಆರ್‌ಸಿ ತೆಗೆದು ನಾಲ್ಕು ಸಂಗತಿ ನೋಡಿ: ಯಾರ ಹೆಸರಿದೆ, ಎಲ್ಲಿಯವರೆಗೆ ಊರ್ಜಿತ, ಎಂಜಿನ್ ನಂಬರು, ಚಾಸಿ ನಂಬರು.

ಕೂಡುಕುಟುಂಬದ ಮನೆಗಳಲ್ಲಿ ಕಾರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವುದು ಮಾಮೂಲು. ಓಡಿಸುವವನು ಮೊಮ್ಮಗ, ಪ್ರೀಮಿಯಂ ಕಟ್ಟುವವನೂ ಮೊಮ್ಮಗ, ಆರ್‌ಸಿ ಮಾತ್ರ ಅಜ್ಜನದು. ಹೀಗಿದ್ದರೆ ಕ್ಲೇಮಿನ ದಿನ ಮೊಮ್ಮಗನಿಗೆ ಆ ಕಾರಿನ ಮೇಲೆ ಹಕ್ಕೇ ಇಲ್ಲ ಎಂಬ ಪ್ರಶ್ನೆ ಏಳುತ್ತದೆ. ಕಾನೂನಿನ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಅಜ್ಜನ ಹೆಸರಿನಲ್ಲಿದ್ದ ಪಾಲಿಸಿ ಕೂಡ ಮರಣದ ನಂತರ ಮೂರು ತಿಂಗಳು ಅಥವಾ ಪಾಲಿಸಿಯ ಅವಧಿ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಮಾತ್ರ ಜೀವ ಹಿಡಿದಿರುತ್ತದೆ. ಎಷ್ಟೇ ವರ್ಷ ತಡವಾಗಿದ್ದರೂ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು ಜೋಡಿಸಿ, ದಂಡ ಇದ್ದರೆ ಅದನ್ನೂ ಕಟ್ಟಿ ಹೆಸರು ಬದಲಿಸಿಕೊಳ್ಳಿ. ಕಾರನ್ನು ಕೊಂಡಿದ್ದಾದರೆ ಫಾರಂ 29 ಮತ್ತು 30 ಬೇಕು. ಹಿಂದಿನವರ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಸಿಗುವುದು 14 ದಿನ.

ಇನ್ನು ಅವಧಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬೇಕು. 2025ರ ಆಗಸ್ಟ್‌ನ ಕೇಂದ್ರ ತಿದ್ದುಪಡಿಯಂತೆ 20 ವರ್ಷ ದಾಟಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕ 10,000 ರೂ. ಆಗಿದೆ, ಹಸಿರು ತೆರಿಗೆ ಬೇರೆ. ದುಬಾರಿ ಅಂತ ಮುಂದೂಡುವವರಿದ್ದಾರೆ. ಆದರೆ ಊರ್ಜಿತ ನೋಂದಣಿ ಇಲ್ಲದೆ ಗಾಡಿಯನ್ನು ರಸ್ತೆಗಿಳಿಸುವುದು ಪಾಲಿಸಿ ಷರತ್ತಿನ ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2014ರಲ್ಲೂ 2021ರಲ್ಲೂ ಹೇಳಿದೆ. ಪ್ರೀಮಿಯಂ ಕಟ್ಟಿಸಿಕೊಂಡ ಕಂಪನಿಯೇ ಕ್ಲೇಮ್ ತಿರಸ್ಕರಿಸಬಹುದು, ಆ ತಿರಸ್ಕಾರ ಕೋರ್ಟಿನಲ್ಲೂ ನಿಲ್ಲುತ್ತದೆ.

ಜಿಲ್ಲೆಯಲ್ಲಿ ಕಾರವಾರ ಕೆಎ-30, ಶಿರಸಿ ಕೆಎ-31, ಹೊನ್ನಾವರ ಕೆಎ-47, ದಾಂಡೇಲಿ ಕೆಎ-65. ಕೆಎ ಸರಣಿ ಬಂದದ್ದು 1989ರಲ್ಲಿ. ಅದಕ್ಕೂ ಹಿಂದಿನ ನಂಬರಿನ ಗಾಡಿಗಳ ವಿವರ ಎಷ್ಟೋ ಸಲ ಸರ್ಕಾರದ ವಾಹನ ನೋಂದಣಿ ತಾಣವಾದ ವಾಹನ್ ಪೋರ್ಟಲ್‌ನಲ್ಲಿ ಇರುವುದಿಲ್ಲ. 1956ರವರೆಗೆ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ತೀರ ಹಳೆಯ ಗಾಡಿಗಳ ಮೂಲ ಕಾಗದ ಅಲ್ಲಿಯದೂ ಆಗಿರಬಹುದು. ಇಂಥ ಗಾಡಿಗೆ ಮೂಲ ಆರ್‌ಸಿ ಪುಸ್ತಕ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ 'ಬ್ಯಾಕ್‌ಲಾಗ್ ಎಂಟ್ರಿ', ಅಂದರೆ ಹಳೇ ದಾಖಲೆಯನ್ನು ಪೋರ್ಟಲ್‌ಗೆ ಏರಿಸುವ ಕೆಲಸ, ಮಾಡಿಸಬೇಕು. ಇದು ಆಗದೆ ಆನ್‌ಲೈನ್‌ನಲ್ಲಿ ಪಾಲಿಸಿ ಹುಟ್ಟುವುದಿಲ್ಲ.

ಎಂಜಿನ್ ನಂಬರಿನಲ್ಲಿ ಎಡವುವವರು ಬಹಳ. ಪೆಟ್ರೋಲ್ ಅಂಬಾಸಿಡರಿಗೆ, ಜೀಪಿಗೆ ಯಾವಾಗಲೋ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಆರ್‌ಸಿಯಲ್ಲಿ ಹಳೆಯದೇ ಇರುತ್ತದೆ. ಎಂಜಿನ್ ಬದಲಾವಣೆ, ಎಲ್‌ಪಿಜಿ ಕಿಟ್, ಬಣ್ಣ ಬದಲಾವಣೆ, ಇವೆಲ್ಲ ಮೋಟಾರು ವಾಹನ ಕಾಯ್ದೆಯಡಿ ಆರ್‌ಸಿಯಲ್ಲಿ ನಮೂದಾಗಲೇಬೇಕು. ಅಪಘಾತದ ನಂತರ ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದವರು ಬಾನೆಟ್ ಎತ್ತಿ ಮೊದಲು ನೋಡುವುದು ಈ ನಂಬರನ್ನೇ.

ಚಾಸಿ ಪ್ರಿಂಟನ್ನು, ಅಂದರೆ ಚಾಸಿ ನಂಬರಿನ ಅಚ್ಚನ್ನು, ನೀವೇ ತೆಗೆದಿಟ್ಟುಕೊಳ್ಳಿ. ಉಪ್ಪುಗಾಳಿಗೆ ನಂಬರಿನ ಮೇಲೆ ತುಕ್ಕು, ಅದರ ಮೇಲೆ ಎರಡು ಮೂರು ಪದರ ಬಣ್ಣ ಕೂತಿರುತ್ತದೆ. ಬಟ್ಟೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿ ಆ ಜಾಗವನ್ನು ಅರ್ಧ ತಾಸು ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ, ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರನ್ನು ಕೈಯಲ್ಲೇ ಹಗುರವಾಗಿ ಆಡಿಸಿ. ಪಾರದರ್ಶಕ ಟೇಪನ್ನು ಸೀಸದ ಪೆನ್ಸಿಲ್ಲಿನಿಂದ ಕಪ್ಪು ಮಾಡಿದ ಕಾಗದದ ಮೇಲೆ ಒತ್ತಿ ತೆಗೆದು, ನಂಬರಿನ ಮೇಲೆ ಅಂಟಿಸಿ ಉಗುರಿನಿಂದ ಉಜ್ಜಿದರೆ ಅಕ್ಷರ ಮೂಡುತ್ತದೆ. ಅಥವಾ ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿದರೂ ಸಾಕು. ಗ್ರೈಂಡರ್ ಮಾತ್ರ ಹಚ್ಚಬೇಡಿ. ಟಿಂಕರಿಂಗ್‌ನವರು ಅವಸರಕ್ಕೆ ಗ್ರೈಂಡರ್ ಹಿಡಿದರೆ ಅಂಕಿಗಳೇ ಅಳಿಸಿಹೋಗುತ್ತವೆ. ಮತ್ತೆ ಕೊರೆಸಲು ಆರ್‌ಟಿಒ ಅನುಮತಿ ಬೇಕು, ಅಲ್ಲಿಯವರೆಗೆ ಗಾಡಿಯ ಗುರುತೇ ಅನುಮಾನದಲ್ಲಿರುತ್ತದೆ.

ವಿಂಟೇಜೋ, ಬರೀ ಹಳೇ ಗಾಡಿಯೋ

'ವಿಂಟೇಜ್' ಎಂಬುದಕ್ಕೆ ಎರಡು ವ್ಯಾಖ್ಯೆಗಳಿವೆ, ಎರಡನ್ನೂ ಕಲಸಿಬಿಟ್ಟರೆ ನಷ್ಟ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ದರ, ನಿಯಮಗಳ ಪಟ್ಟಿ) ಪ್ರಕಾರ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಇರುವ ಕಾರು ವಿಂಟೇಜ್. ಅಂಥ ಕಾರಿಗೆ 'ಅಗ್ರೀಡ್ ವ್ಯಾಲ್ಯೂ' ಪಾಲಿಸಿ, ಅಂದರೆ ಮೊದಲೇ ಒಪ್ಪಿಕೊಂಡ ಬೆಲೆಯನ್ನು ಸವಕಳಿ ಕಳೆಯದೆ ಕೊಡುವ ಪಾಲಿಸಿ ಸಿಗುತ್ತದೆ. ಸ್ವಂತ ಹಾನಿಯ, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಯ ಪ್ರೀಮಿಯಂನಲ್ಲಿ ಶೇ 25 ರಿಯಾಯಿತಿಯೂ ಉಂಟು.

ಇನ್ನೊಂದು, 2021ರ ಜುಲೈನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರು, ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅರ್ಜಿ ಫಾರಂ 20ರಲ್ಲಿ. ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷ ಊರ್ಜಿತ, ಮರುನೋಂದಣಿಗೆ 5,000 ರೂ. ಹಾಗೆ ನೋಂದಾಯಿಸಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಪ್ರೀಮಿಯಂ ಅರ್ಧ.

ರಿಯಾಯಿತಿ ನೋಡಿ ಓಡುವ ಮೊದಲು ನಿಯಮದ ಇನ್ನೊಂದು ಬದಿ ಓದಿ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆಗೂ ಬಾಡಿಗೆಗೂ ನಿಷೇಧ. ವಾರಕ್ಕೊಮ್ಮೆ ಸಂತೆಗೆ, ಮದುವೆ-ಮುಂಜಿಗೆ ಅದೇ ಕಾರಿನಲ್ಲಿ ಹೋಗುವವರು ಸಾಮಾನ್ಯ ನೋಂದಣಿಯಲ್ಲೇ ಇರುವುದು ಒಳ್ಳೆಯದು ಎಂಬುದು ನಮ್ಮ ಸಲಹೆ. ಅರ್ಧ ಪ್ರೀಮಿಯಂ ಎಂದರೆ ಅಂಬಾಸಿಡರಿಗೆ ವರ್ಷಕ್ಕೆ 1,708 ರೂ. ಉಳಿತಾಯ. ಅಷ್ಟಕ್ಕಾಗಿ ಗಾಡಿಯ ಕಾಲು ಕಟ್ಟಿಹಾಕಬೇಕಿಲ್ಲ.

1941ರಿಂದ ಈಚಿನ ಕಾರುಗಳು, ಅಂದರೆ ನಮ್ಮ ಜಿಲ್ಲೆಯಲ್ಲಿ ಕಾಣುವ ಹೆಚ್ಚುಕಮ್ಮಿ ಎಲ್ಲವೂ, ಟ್ಯಾರಿಫಿನ ವಿಂಟೇಜ್ ಗುಂಪಿಗೆ ಸೇರುವುದಿಲ್ಲ. ಅವಕ್ಕೆ ಇರುವ ದಾರಿ ಐಡಿವಿಯನ್ನು ಆಧಾರ ಸಮೇತ ಏರಿಸುವುದು.

ಬೆಲೆ: ಇಲ್ಲಿ ಸಮಯ ಕೊಡಿ

ಹೊಸ ಕಾರಿನ ಐಡಿವಿಗೆ ಪಟ್ಟಿ ಇದೆ: ಒಂದರಿಂದ ಎರಡು ವರ್ಷಕ್ಕೆ ಶೇ 20 ಸವಕಳಿ, ನಾಲ್ಕರಿಂದ ಐದಕ್ಕೆ ಶೇ 50, ಹೀಗೆ. ಐದು ವರ್ಷ ದಾಟಿದರೆ ಪಟ್ಟಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿದ ಮೊತ್ತವೇ ಐಡಿವಿ. ಅಂದರೆ 1972ರ ಅಂಬಾಸಿಡರಿನ ಬೆಲೆ ಹೇಳುವ ಹಕ್ಕು ನಿಮಗಿದೆ. ಅದನ್ನು ಬಳಸದೆ ಬಿಟ್ಟರೆ ಕಂಪ್ಯೂಟರ್ ತೋರಿಸಿದ ಕನಿಷ್ಠ ಮೊತ್ತವೇ ಪಾಲಿಸಿಗೆ ಬರುತ್ತದೆ.

ಕಡಿಮೆ ಐಡಿವಿಯಿಂದ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ದೇವಿಮನೆ ಘಟ್ಟದ ತಿರುವಿನಲ್ಲಿ ಲಾರಿ ಸವರಿ ಅಂಬಾಸಿಡರಿನ ಮುಂಭಾಗ ಜಖಂ ಆಯಿತು ಎಂದುಕೊಳ್ಳಿ. ಮಡ್‌ಗಾರ್ಡ್, ಗ್ರಿಲ್ ಇತ್ಯಾದಿ ಲೋಹದ ಭಾಗಕ್ಕೆ 12,000 ರೂ., ರಬ್ಬರ್ ಬೀಡಿಂಗಿಗೆ 2,000, ಗಾಜಿಗೆ 6,000, ಟಿಂಕರಿಂಗ್ ಕೂಲಿ 10,000, ಪೇಂಟಿಂಗ್ 16,000. ಒಟ್ಟು ಬಿಲ್ 46,000 ರೂ.

ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಶೇ 50 ಸವಕಳಿ, ಆದ್ದರಿಂದ ಸಿಗುವುದು 6,000. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಯಾವ ವಯಸ್ಸಿಗೂ ಶೇ 50, ಆದ್ದರಿಂದ 1,000. ಗಾಜಿಗೆ ಸವಕಳಿ ಇಲ್ಲ, 6,000 ಪೂರ್ತಿ. ಕೂಲಿಯೂ ಪೂರ್ತಿ. ಪೇಂಟಿಂಗಿನ ಬಿಲ್ ಒಟ್ಟಾಗಿದ್ದರೆ ಅದರ ಶೇ 25ನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. 16,000ದಲ್ಲಿ 4,000 ಬಣ್ಣ, 2,000 ಕಡಿತ, ಸಿಗುವುದು 14,000. ಎಲ್ಲ ಸೇರಿ 37,000. ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಮಾಲೀಕನೇ ಹೊರಬೇಕಾದ ಕಡ್ಡಾಯ ಕಡಿತ 1,000 ಹೋದರೆ 36,000 ರೂ. ಕೈಗೆ ಬರುತ್ತದೆ.

ಈಗ ಐಡಿವಿ ಕಡೆ ನೋಡಿ. ದುರಸ್ತಿಗೆ ಕಂಪನಿ ಕೊಡಬೇಕಾದ ಮೊತ್ತ ಐಡಿವಿಯ ಶೇ 75 ದಾಟಿದರೆ ಗಾಡಿಯನ್ನು 'ಟೋಟಲ್ ಲಾಸ್' ಎಂದು ತೀರ್ಮಾನಿಸುತ್ತಾರೆ. ಪಾಲಿಸಿಯಲ್ಲಿ 45,000 ರೂ. ಇದ್ದರೆ ಅದರ ಶೇ 75 ಎಂದರೆ 33,750. ಒಂದು ಮಡ್‌ಗಾರ್ಡ್, ಒಂದು ಗಾಜು ಒಡೆದದ್ದಕ್ಕೇ ಇಡೀ ಕಾರು ಕಾಗದದ ಮೇಲೆ ಸತ್ತಂತೆ. 45,000 ಪಡೆದು ಗಾಡಿ ಬಿಟ್ಟುಕೊಡಬೇಕು, ಇಲ್ಲವೇ ಗುಜರಿ ಬೆಲೆ ಕಳೆದುಕೊಂಡು ಉಳಿದದ್ದಕ್ಕೆ ಒಪ್ಪಬೇಕು. ಐಡಿವಿ 4 ಲಕ್ಷ ಇದ್ದರೆ ಅದೇ ಅಪಘಾತ ಒಂದು ಸಾದಾ ದುರಸ್ತಿ ಕ್ಲೇಮ್ ಆಗಿ ಮುಗಿಯುತ್ತದೆ.

ಹೆಚ್ಚಿನ ಐಡಿವಿಗೆ ಬೀಳುವ ಖರ್ಚೂ ತಿಳಿದಿರಲಿ. ಹಳೇ ಟ್ಯಾರಿಫ್ ಲೆಕ್ಕದಲ್ಲಿ ಈ ವಯಸ್ಸಿನ, ಈ ಸಿಸಿಯ ಕಾರಿಗೆ ನಮ್ಮ ಭಾಗದಲ್ಲಿ ಸ್ವಂತ ಹಾನಿಯ ದರ ಐಡಿವಿಯ ಶೇ 3.4ರ ಆಸುಪಾಸು. ಬೆಂಗಳೂರಿನಂಥ ಮಹಾನಗರಗಳು 'ಎ' ವಲಯ, ನಮ್ಮ ಜಿಲ್ಲೆ 'ಬಿ' ವಲಯ, ದರ ತುಸು ಕಡಿಮೆ. 4 ಲಕ್ಷಕ್ಕೆ ಸುಮಾರು 13,600 ರೂ. ಆಗುತ್ತದೆ. ಇದು ಚೌಕಾಶಿ ಶುರುವಾಗುವ ಮೊತ್ತ. ಈಗ ದರ ಕಂಪನಿಗಳ ಕೈಯಲ್ಲಿರುವುದರಿಂದ ರಿಯಾಯಿತಿ ಕೇಳಿ, ಕ್ಲೇಮ್ ಇಲ್ಲದ ವರ್ಷಗಳಿಗೆ ಶೇ 20ರಿಂದ 50ರವರೆಗೆ ಸಿಗುವ ನೋ ಕ್ಲೇಮ್ ಬೋನಸ್ಸನ್ನೂ ಬಿಡಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಆ ಬೋನಸ್ ಹೋಯಿತು.

ಒಪ್ಪಿಸುವ ಕ್ರಮ ಹೀಗೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಪರವಾನಗಿ ಇರುವ ಮೋಟಾರು ಸರ್ವೇಯರ್ ಒಬ್ಬರಿಂದ ಮೌಲ್ಯಮಾಪನ ವರದಿ ಮಾಡಿಸಿ. ವರದಿಯಲ್ಲಿ ಎಂಜಿನ್, ಚಾಸಿ ನಂಬರು, ಓಡುವ ಸ್ಥಿತಿ, ಯಾವ ಭಾಗ ಮೂಲದ್ದು, ಯಾವುದು ಬದಲಿ, ಅದೇ ಮಾದರಿಯ ಕಾರುಗಳ ಈಗಿನ ಮಾರಾಟ ಬೆಲೆ, ಇಷ್ಟು ಇರಲೇಬೇಕು. ಜೊತೆಗೆ ಫೋಟೊ: ನಾಲ್ಕೂ ಬದಿ, ಬಾನೆಟ್ ಒಳಗೆ, ಡಿಕ್ಕಿ, ಡ್ಯಾಶ್‌ಬೋರ್ಡ್, ಓಡೋಮೀಟರ್, ಜಾಕ್ ಎತ್ತಿ ಅಡಿಯ ತಗಡು. ಬಿಲ್ಲುಗಳನ್ನು ಕೆಲಸವಾರು ಬೇರೆ ಬೇರೆ ಬರೆಸಿ. 'ಗಾಡಿ ಕೆಲಸ 1,80,000' ಎಂಬ ಒಂದೇ ಸಾಲಿನ ಚೀಟಿಗೆ ಬೆಲೆಯಿಲ್ಲ. ಟಿಂಕರಿಂಗಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ಎಂಜಿನ್ ಕೆಲಸಕ್ಕೆ ಎಷ್ಟು, ದಿನಾಂಕ, ಗಾಡಿ ನಂಬರು, ಸಹಿ, ಇವೆಲ್ಲ ಬೇಕು.

ಇದೆಲ್ಲವನ್ನು ಒಂದು ಪತ್ರದ ಜೊತೆ ಶಾಖಾ ಕಚೇರಿಗೆ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೊಬೈಲಿನ ಆ್ಯಪಿನಲ್ಲಿ ಈ ಕೆಲಸ ಆಗುವುದಿಲ್ಲ. ಆ್ಯಪುಗಳು ಹಳೇ ಮಾದರಿಯ ಹೆಸರನ್ನೇ ತೋರಿಸುವುದಿಲ್ಲ, ತೋರಿಸಿದರೂ ಐಡಿವಿ ಏರಿಸಲು ಬಿಡುವುದಿಲ್ಲ. ಸರ್ಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಲ್ಲಿ ಶಾಖಾಧಿಕಾರಿ ಜೊತೆ ಕೂತು ಮಾತಾಡಬಹುದು, ಹಳೇ ಗಾಡಿಗೆ ಅದೇ ಅನುಕೂಲ. ಶಾಖೆಯ ಅಧಿಕಾರ ಮೀರಿದ ಮೊತ್ತವಾದರೆ ಮೇಲಿನ ಕಚೇರಿಯ ಒಪ್ಪಿಗೆಗೆ ಕಳಿಸುತ್ತಾರೆ. ಹಾಗಾಗಿ ಹಳೇ ಪಾಲಿಸಿ ಮುಗಿಯುವ ತಿಂಗಳ ಮೊದಲೇ ಹೋಗಿ. ಒಂದು ದಿನ ತಪ್ಪಿದರೂ ಹೊಸದಾಗಿ ಗಾಡಿ ತಪಾಸಣೆ ಮಾಡುತ್ತಾರೆ.

ಯಾವ ಪಾಲಿಸಿ, ಯಾವ ಬಳಕೆ

ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. 2022ರ ಜೂನ್ 1ರಂದು ಜಾರಿಗೆ ಬಂದ ದರದಂತೆ 1000 ಸಿಸಿವರೆಗೆ 2,094 ರೂ., 1500ರವರೆಗೆ 3,416, ಅದಕ್ಕೂ ಮೇಲೆ 7,897. ಹೆರಾಲ್ಡ್ 948 ಸಿಸಿ, ಪದ್ಮಿನಿ 1089, ಹಳೇ ಪೆಟ್ರೋಲ್ ಅಂಬಾಸಿಡರ್ 1489. ಇಸುಜು ಎಂಜಿನಿನ 1800 ಅಂಬಾಸಿಡರ್ ಮೂರನೇ ಗುಂಪಿಗೆ ಹೋಗುತ್ತದೆ. ಆರ್‌ಸಿಯಲ್ಲಿ ಸಿಸಿ ತಪ್ಪಾಗಿ ನಮೂದಾಗಿದ್ದರೆ ವರ್ಷಕ್ಕೆ ನಾಲ್ಕೂವರೆ ಸಾವಿರ ದಂಡ ತೆತ್ತಂತೆ. ಇದರ ಮೇಲೆ ಶೇ 18 ಜಿಎಸ್‌ಟಿ.

ಥರ್ಡ್ ಪಾರ್ಟಿ ಪಾಲಿಸಿ ನಿಮ್ಮ ಕಾರಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರ ಕಣ್ಣಮುಂದಿದೆ. ಭೂಕುಸಿತ, ನೆರೆ, ಬಿರುಗಾಳಿ, ಸಿಡಿಲು, ಬೆಂಕಿ, ಕಳ್ಳತನ, ಇವೆಲ್ಲ ಒಳಗೊಳ್ಳುವುದು ಸ್ವಂತ ಹಾನಿಯ ಭಾಗವಿರುವ ಪ್ಯಾಕೇಜ್ ಪಾಲಿಸಿಯಲ್ಲಿ, ನಮ್ಮವರು 'ಫುಲ್ ಇನ್ಶೂರೆನ್ಸ್' ಅನ್ನುವುದರಲ್ಲಿ. ತೆಂಗಿನಕಾಯಿ, ಮರದ ಟೊಂಗೆ ಬಿದ್ದು ಟಾಪ್ ಜಜ್ಜಿದರೂ ಅದು ಹೊರಗಿನ ಆಕಸ್ಮಿಕ ಹಾನಿಯೇ. ಬಾರ್ಜಿನಲ್ಲಿ ಹೊಳೆ ದಾಟಿಸುವಾಗ ಆದ ಹಾನಿಯೂ ಒಳನಾಡು ಜಲಸಾರಿಗೆ ಎಂದು ಸೇರುತ್ತದೆ.

ಗಾಡಿ ಇನ್ನೂ ರೆಸ್ಟೋರೇಶನ್ ಹಂತದಲ್ಲಿದ್ದು ರಸ್ತೆಗಿಳಿಯದಿದ್ದರೆ ಬೆಂಕಿ ಮತ್ತು ಕಳ್ಳತನಕ್ಕೆ ಮಾತ್ರ ಪಾಲಿಸಿ ಕೇಳಿ, ಐಎಂಟಿ 26 ಎಂಬ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಜೋಡಿಸುವ ಷರತ್ತು) ಅದು. ಒಂದು ಎಚ್ಚರ: ಪಾಲಿಸಿಯ ಮಾತು 'ವಾಹನ ಮತ್ತು ಅದರ ಮೇಲಿರುವ ಬಿಡಿಭಾಗ' ಎಂದಿದೆ. ಬಾಡಿ ಶಿರಸಿಯ ಗ್ಯಾರೇಜಿನಲ್ಲಿ, ಬಿಚ್ಚಿದ ಎಂಜಿನ್ ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಇದ್ದರೆ, ಆ ಎಂಜಿನ್‌ಗೆ ಈ ವಿಮೆ ಇಲ್ಲ.

ಬಳಕೆಯ ಷರತ್ತು ಮುರಿಯುವುದು ಗೊತ್ತಿಲ್ಲದೆ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ. ಮದುವೆ ದಿಬ್ಬಣಕ್ಕೆ, ಫೋಟೊ ಶೂಟಿಗೆ ಹಣ ತೆಗೆದುಕೊಂಡು ಕೊಟ್ಟರೆ ಅದು ಬಾಡಿಗೆಯೇ. ಜೀಪಿನವರು ಇನ್ನೊಂದು ನೋಡಿಕೊಳ್ಳಬೇಕು: ಸ್ವಂತ ಸಾಮಾನು-ಸರಂಜಾಮು ಬಿಟ್ಟು ಸರಕು ಸಾಗಿಸುವುದು ನಿಷಿದ್ಧ. ಹಿಂದಿನ ಸೀಟು ಮಡಚಿ ಅಡಿಕೆ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವಾಗ ಅಪಘಾತವಾದರೆ ಕಂಪನಿಗೆ ಅದೇ ನೆಪ ಸಾಕು. ರ್‍ಯಾಲಿಗೆ ಹೋಗುವುದಿದ್ದರೆ ಐಎಂಟಿ 31 ಸೇರಿಸಿಕೊಳ್ಳಬೇಕು, ಹೊರಡುವ ಮುಂಚೆ.

ಟೋಯಿಂಗಿಗೆ ಮೂಲ ಪಾಲಿಸಿ ಕೊಡುವುದು ಗರಿಷ್ಠ 1,500 ರೂ. ಅರಬೈಲು ಘಟ್ಟದಿಂದ ಫ್ಲಾಟ್‌ಬೆಡ್ ಲಾರಿಯಲ್ಲಿ ತರಿಸಲು ಅದು ಎಲ್ಲಿಗೂ ಸಾಲದು, ರಸ್ತೆ ನೆರವಿನ ಹೆಚ್ಚುವರಿ ಕವರ್ ನಿಮ್ಮ ಗಾಡಿಯ ವಯಸ್ಸಿಗೆ ಸಿಗುತ್ತದೆಯೇ ಎಂದು ಕೇಳಿ. ಬಿಡಿಭಾಗಕ್ಕೆ ಸವಕಳಿ ಕಳೆಯದ ಜೀರೊ ಡೆಪ್ರಿಸಿಯೇಶನ್ ಕವರ್ ಈ ವಯಸ್ಸಿಗೆ ಸಿಗುವುದಿಲ್ಲ.

ಮಳೆ, ಉಪ್ಪುಗಾಳಿ

ತುಕ್ಕಿಗೆ ಯಾವ ವಿಮೆಯೂ ಇಲ್ಲ, ಅದು ಸಹಜ ಸವೆತ. ತೊಂದರೆ ಬರುವುದು ಅಪಘಾತದ ನಂತರ. ಗುದ್ದಿದ ಜಾಗದ ತಗಡು ಒಳಗಿನಿಂದ ಕೊರೆದಿದ್ದರೆ 'ಇದು ಮೊದಲೇ ಹೋಗಿತ್ತು' ಎಂದು ಸರ್ವೇಯರ್ ಮೊತ್ತ ಕತ್ತರಿಸುತ್ತಾರೆ. ಇದಕ್ಕೆ ಉತ್ತರ ಫೋಟೊ. ಪ್ರತಿವರ್ಷ ಮೇ ತಿಂಗಳಲ್ಲಿ, ಅಂಡರ್‌ಕೋಟಿಂಗ್ (ಅಡಿಯ ತಗಡಿಗೆ ತುಕ್ಕು ತಡೆಯುವ ಲೇಪ) ಮಾಡಿಸುವ ಮುಂಚೆ ಒಮ್ಮೆ, ಮಾಡಿಸಿದ ಮೇಲೆ ಒಮ್ಮೆ, ಫ್ಲೋರ್ ಪ್ಯಾನ್, ಬಾಗಿಲ ಕೆಳಗಿನ ಪಟ್ಟಿ, ಮಡ್‌ಗಾರ್ಡಿನ ಒಳಮೈ ತೆಗೆದಿಡಿ.

ಗಂಗಾವಳಿ, ಅಘನಾಶಿನಿ, ಕಾಳಿ ಏರಿ ನೀರು ಶೆಡ್ಡಿಗೆ ನುಗ್ಗಿದರೆ ಇಳಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೆರೆಯ ಹಾನಿಗೆ ಕಂಪನಿ ಕೊಡುತ್ತದೆ, ಸ್ಟಾರ್ಟ್ ಮಾಡಿ ಕೆಡಿಸಿದ್ದಕ್ಕೆ 'ಪರಿಣಾಮಾತ್ಮಕ ನಷ್ಟ', ಅಂದರೆ ನೆರೆಯಿಂದ ನೇರವಾಗಿ ಆದದ್ದಲ್ಲ ಎಂದು ಕೈಯೆತ್ತುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ನೀರಿನ ಗುರುತು ಬಾಗಿಲ ಮೇಲೆ ಎಲ್ಲಿಯವರೆಗಿದೆ ಎಂಬುದರ ಫೋಟೊ ತೆಗೆದು, ಕಂಪನಿಗೆ ತಿಳಿಸಿ.

ಕ್ಲೇಮಿನ ದಿನ

ತಕ್ಷಣ ಕಂಪನಿಗೆ ತಿಳಿಸಿ, ಫೋನಿನ ಜೊತೆ ಇಮೇಲ್ ಅಥವಾ ಲಿಖಿತ ಪತ್ರವೂ ಇರಲಿ. ಕಳ್ಳತನ, ಗಾಯ, ಬೇರೆಯವರ ಆಸ್ತಿ ಹಾನಿ ಇದ್ದರೆ ಅದೇ ದಿನ ಪೊಲೀಸ್ ದೂರು. ಸರ್ವೇಯರ್ ನೋಡುವವರೆಗೆ ಗಾಡಿ ಬಿಚ್ಚಬೇಡಿ, ಒಡೆದ ಬಿಡಿಭಾಗ ಎಸೆಯಬೇಡಿ. ಹಳೇ ಗಾಡಿಯ ಬಿಡಿಭಾಗಕ್ಕೆ ಕಂಪನಿಯ ಬೆಲೆಪಟ್ಟಿ ಇರುವುದಿಲ್ಲವಾದ್ದರಿಂದ ಎರಡು ಮೂರು ಕಡೆಯ ಲಿಖಿತ ಕೊಟೇಶನ್ ಮೊದಲೇ ತರಿಸಿ ಸರ್ವೇಯರ್ ಕೈಗೆ ಕೊಡಿ. ಇಲ್ಲದಿದ್ದರೆ ಅವರು ಅಂದಾಜಿನಲ್ಲಿ ಬರೆಯುತ್ತಾರೆ. ಹೊಗೆ ತಪಾಸಣೆ ಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಐಆರ್‌ಡಿಎಐ 2020ರಲ್ಲಿ ಸ್ಪಷ್ಟಪಡಿಸಿದೆ. ಚಾಲಕರ ಲೈಸೆನ್ಸ್ ಮುಗಿದಿದ್ದರೆ ಮಾತ್ರ ಕಷ್ಟ.

ಮೊತ್ತ ಒಪ್ಪಿಗೆಯಾಗದಿದ್ದರೆ 'ಪೂರ್ಣ ಹಾಗೂ ಅಂತಿಮ' ಎಂಬ ವೋಚರಿಗೆ ಸಹಿ ಮಾಡದೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂ.ವರೆಗಿನ ವಿವಾದ ಅಲ್ಲಿ ನಡೆಯುತ್ತದೆ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಮತ್ತು 155255 ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಆದರೆ ಅಲ್ಲಿ ಕೇಸು ಹಾಕಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ, ಹಾಗಾಗಿ ಒಂಬುಡ್ಸ್‌ಮನ್‌ಗೆ ಮೊದಲು ಬರೆಯಿರಿ. ದೂರಿನ ಜೊತೆ ಮೌಲ್ಯಮಾಪನ ವರದಿ, ಮುದ್ರೆ ಬಿದ್ದ ಪತ್ರದ ನಕಲು, ಮೇ ತಿಂಗಳ ಫೋಟೊ, ಕೊಟೇಶನ್‌ಗಳನ್ನು ಲಗತ್ತಿಸಿ.